ಏಕಾಂತದ ಅರ್ಥಗಾರಿಕೆ

ಇಂದಿನ ಮಾತಿಗೆ ಸಂಘಟಕರು ಕೊಟ್ಟ ವಿಷಯ ‘ಸಾಹಿತ್ಯ ಮತ್ತು ಬದುಕಿನ ಅರ್ಥ’. ಆಮಂತ್ರಣ ಪತ್ರಿಕೆಯಲ್ಲಿ ಅದನ್ನು ಓದಿದ ಕೂಡಲೇ ನನಗೆ ನೆನಪಾದದ್ದು ತಾಳಮದ್ದಳೆ. ಉಡುಪಿಯಲ್ಲಿ ನಿಂತು ‘ಅರ್ಥ’ ಎಂಬ ಶಬ್ದವನ್ನು ಹೇಳುವಾಗ ಬೇರೆ ಏನಾದರೂ ನೆನಪಾದರೆ ಅದೇ ಆಶ್ಚರ್ಯ. ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದುದ್ದಕ್ಕೂ ದೇವಸ್ಥಾನದ ಚಾವಡಿಗಳಲ್ಲಿ, ಶಾಲೆಗಳ ಸಭಾಭವನಗಳಲ್ಲಿ ಕೂಟಗಳು ನಡೆಯುತ್ತವೆ. ನಿಮ್ಮಲ್ಲಿ ಹಲವರು ಅಲ್ಲಿ ರಾತ್ರಿಗಳನ್ನು ಕಳೆದವರೇ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪ್ರಸಂಗದ ಪದವೊಂದನ್ನು ಹಾಡಿ ನಿಲ್ಲಿಸುತ್ತಾರೆ, ಎದುರುಬದುರು ಕುಳಿತವರಲ್ಲಿ ಒಬ್ಬರು ಆ ಪದಕ್ಕೆ ಅರ್ಥ ಹೇಳಲು ತೊಡಗುತ್ತಾರೆ. ಪದ ನಾಲ್ಕು ಸಾಲಿನದು, ಅರ್ಥ ಕೆಲವೊಮ್ಮೆ ಅರ್ಧ ಗಂಟೆಯದು. ಪ್ರಸಂಗದ ಪುಸ್ತಕವನ್ನು ಎಷ್ಟು ತಿರುವಿ ಹಾಕಿದರೂ ಆ ಅರ್ಥ ಅದರೊಳಗೆ ಸಿಗುವುದಿಲ್ಲ. ನಿನ್ನೆ ಇನ್ನೊಂದು ಊರಿನಲ್ಲಿ ಅದೇ ಪದಕ್ಕೆ ಅದೇ ಅರ್ಥಧಾರಿ ಹೇಳಿದ್ದು ಬೇರೆ, ಇವತ್ತು ಎದುರಿಗೆ ಬೇರೊಬ್ಬರು ಕುಳಿತು ಬೇರೊಂದು ಪ್ರಶ್ನೆ ಎತ್ತಿದ್ದರಿಂದ ಹೊರಟದ್ದು ಬೇರೆ.

ಕೂಟಕ್ಕೆ ಹೊರಟವರು ದಾರಿಯಲ್ಲಿ ಕೇಳಿಕೊಳ್ಳುವ ಪ್ರಶ್ನೆಯನ್ನೂ ಗಮನಿಸಿ. ‘ಈ ಪ್ರಸಂಗದ ಅರ್ಥ ಏನು’ ಎಂದು ಯಾರೂ ಕೇಳುವುದಿಲ್ಲ. ‘ಇವತ್ತು ಕರ್ಣನ ಅರ್ಥ ಯಾರದ್ದು’ ಎಂದು ಕೇಳುತ್ತಾರೆ. ಬದುಕಿನ ಅರ್ಥವೇನು ಎಂದು ಪುಸ್ತಕಗಳಲ್ಲಿ ಹುಡುಕುವವರಿಗೆ ಈ ಎರಡನೆಯ ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬಂದೀತು ಎಂಬುದು ನನ್ನ ಅನುಭವ. ಅದನ್ನು ಸಿದ್ಧಾಂತವಾಗಿ ಹೇಳುವ ಬದಲು ನಾನು ಎಡವಿದ ಒಂದು ಸಂದರ್ಭದಿಂದಲೇ ಆರಂಭಿಸುತ್ತೇನೆ.

ಮೂರು ವರ್ಷಗಳ ಹಿಂದೆ ಮಂಗಳೂರಿನಲ್ಲಿ ಇಂಥದ್ದೇ ಒಂದು ಸಭೆ ಮುಗಿದು ಚಹಾ ಕುಡಿಯುತ್ತಿದ್ದಾಗ ಅರುವತ್ತು ದಾಟಿದ ಮಹಿಳೆಯೊಬ್ಬರು ಹತ್ತಿರ ಬಂದರು. ಗಂಡ ತೀರಿಕೊಂಡಿದ್ದಾರೆ, ಮಗ ದುಬೈಯಲ್ಲಿ, ಮನೆ ದೊಡ್ಡದು, ಕೋಣೆಗಳಿಗೆ ಬೀಗ. ‘ಮಾಷ್ಟ್ರೇ, ಒಬ್ಬಳೇ ಇರುವವರು ಓದುವಂಥ ಒಂದು ಪುಸ್ತಕ ಹೇಳಿ’ ಎಂದರು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನಿಗೆ ಉತ್ತರ ಹೊಳೆಯಲು ಕ್ಷಣವೂ ಬೇಕಾಗಲಿಲ್ಲ. ಕೋಟ ಶಿವರಾಮ ಕಾರಂತರ ‘ಬೆಟ್ಟದ ಜೀವ’ ಓದಿ ಎಂದೆ. ನೀವು ಬಲ್ಲಿರಿ, 1943ರಲ್ಲಿ ಬಂದ ಆ ಕಾದಂಬರಿಯಲ್ಲಿ ಸುಬ್ರಹ್ಮಣ್ಯದ ಕಡೆಯ ಕಾಡಿನ ನಡುವೆ ಗೋಪಾಲಯ್ಯ, ಶಂಕರಮ್ಮ ಎಂಬ ವೃದ್ಧ ದಂಪತಿ ಇದ್ದಾರೆ. ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಗೋಪಾಲಯ್ಯ ಕಾಡು ಕಡಿದು ತೋಟ ಎಬ್ಬಿಸುತ್ತ, ಹುಲಿಯ ಸುದ್ದಿ ಹೇಳುತ್ತ, ನಗುತ್ತ ನಗಿಸುತ್ತ ಆ ಕೊರತೆಯನ್ನು ಹೊತ್ತುಕೊಂಡಿದ್ದಾರೆ. ಶಂಕರಮ್ಮನಿಗೆ ಅಷ್ಟು ಸುಲಭವಾಗಿ ಹೊರಲಾಗುವುದಿಲ್ಲ. ನನ್ನ ಲೆಕ್ಕ ಸರಳವಾಗಿತ್ತು: ಇವರಿಗೂ ಮಗ ದೂರ, ಅವರಿಗೂ ಮಗ ದೂರ, ಓದಿದರೆ ಸಮಾಧಾನವಾದೀತು. ಔಷಧದ ಅಂಗಡಿಯವನು ಚೀಟಿ ನೋಡಿ ಮಾತ್ರೆ ತೆಗೆದುಕೊಟ್ಟ ಹಾಗೆ.

ತಿಂಗಳು ಕಳೆದು ಅವರೇ ಫೋನ್ ಮಾಡಿದರು. ಓದಿದಿರಾ ಎಂದು ಕೇಳಿದೆ. ಓದಿದೆ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರ ಮನೆಗೆ ದಾರಿ ತಪ್ಪಿಯಾದರೂ ಒಬ್ಬ ಬಂದನಲ್ಲ ಮಾಷ್ಟ್ರೇ. ಈಗ ಮೊಬೈಲೇ ದಾರಿ ಹೇಳುತ್ತದೆ, ದಾರಿ ತಪ್ಪಿ ಬರುವವರೂ ಇಲ್ಲ ಮಾರಾಯ್ರೆ’ ಎಂದರು.

ಕಥೆ ಹೇಳುವ ವ್ಯಕ್ತಿ ಕಾಡಿನಲ್ಲಿ ದಾರಿ ತಪ್ಪಿ ಗೋಪಾಲಯ್ಯನವರ ಮನೆ ಸೇರುತ್ತಾನೆ ಎಂಬುದನ್ನು ನಾನು ತರಗತಿಯಲ್ಲಿ ಕಥನತಂತ್ರ ಎಂದು ವಿವರಿಸಿದ್ದೆ. ಆ ದಾರಿ ತಪ್ಪುವಿಕೆ ವೃದ್ಧರಿಬ್ಬರ ಪಾಲಿಗೆ ಎಂಥ ಭಾಗ್ಯವಾಗಿತ್ತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನನಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಂತೋಷವಾಯಿತು. ಪುಸ್ತಕ ಅವರನ್ನು ಸಮಾಧಾನಪಡಿಸಿರಲಿಲ್ಲ, ಕೆಣಕಿತ್ತು. ಪದ ಕಾರಂತರದಾಗಿತ್ತು, ಅರ್ಥವನ್ನು ಇವರು ಹೇಳಿದ್ದರು, ಅದೂ ಎದುರು ಕುರ್ಚಿಯಿಂದ.

ಇಲ್ಲಿ ಸ್ವಂತದ ಒಂದು ಮಾತು ಬರುತ್ತದೆ, ಕ್ಷಮಿಸಬೇಕು. ಆರು ವರ್ಷಗಳ ಹಿಂದೆ ನನ್ನ ಪತ್ನಿ ತೀರಿಕೊಂಡಾಗ ಬಂದವರೆಲ್ಲ ಪುಸ್ತಕ ತಂದರು. ಕನ್ನಡ ಮಾಷ್ಟ್ರಲ್ಲವೇ, ಹಣ್ಣಿನ ಬದಲು ಪುಸ್ತಕ. ಗೀತೆಯ ವ್ಯಾಖ್ಯಾನಗಳೇ ನಾಲ್ಕು ಬಂದವು. ದುಃಖವನ್ನು ಗೆಲ್ಲುವ ಬಗೆ, ಒಂಟಿತನವನ್ನು ಶಕ್ತಿಯಾಗಿಸಿಕೊಳ್ಳುವ ಬಗೆ ಎಂಬಂಥವು ಏಳೆಂಟು. ಪ್ರತಿದಿನ ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಸೂರ್ಯೋದಯದ ಚಿತ್ರದ ಮೇಲೆ ಕಗ್ಗದ ಸಾಲುಗಳು. ಕಗ್ಗದ ಬಗ್ಗೆ ನನಗೆ ಗೌರವವಿದೆ, ಆದರೆ ಹೀಗೆ ಕಳಿಸುವವರ ಬಗ್ಗೆ ಒಂದು ತಕರಾರಿದೆ. ಡಿವಿಜಿಯವರು ಪದ್ಯದ ಕೊನೆಗೆ ‘ಮಂಕುತಿಮ್ಮ’ ಎಂದು ಕರೆದದ್ದು ನಿಮ್ಮನ್ನೋ ನನ್ನನ್ನೋ ಅಲ್ಲ. ಆ ಮಂಕ ಅವರೊಳಗೇ ಇದ್ದವನು. ತನಗೆ ತಾನು ಹೇಳಿಕೊಂಡ ಮಾತನ್ನು ನಾವು ಇನ್ನೊಬ್ಬರಿಗೆ ಉಪದೇಶವಾಗಿ ರವಾನಿಸುತ್ತೇವೆ. ಕನಕದಾಸರ ಕೀರ್ತನೆಯಲ್ಲಿಯೂ ‘ತಲ್ಲಣಿಸದಿರು ಕಂಡ್ಯ ತಾಳು ಮನವೆ’ ಎಂಬಲ್ಲಿ ಸಂಬೋಧನೆ ಮನಸ್ಸಿಗೆ, ಅದೂ ತನ್ನದೇ ಮನಸ್ಸಿಗೆ. ತಲ್ಲಣಿಸುತ್ತಿರುವವನೇ ತಾಳು ಎನ್ನುತ್ತಿದ್ದಾನೆ. ಅದನ್ನು ತಲ್ಲಣವಿಲ್ಲದವರು ತಲ್ಲಣಿಸುವವರಿಗೆ ಹೇಳಿದರೆ ಆ ಸಾಲಿನ ಜೀವವೇ ಹೋಗುತ್ತದೆ.

ಬಂದ ಪುಸ್ತಕಗಳನ್ನು ನಾನು ಓದಲಿಲ್ಲ. ಒಂದು ದಿನ ಮಧ್ಯಾಹ್ನ ಗಂಜಿ ಬೇಯಲಿಕ್ಕಿಟ್ಟು ಅಡುಗೆಮನೆಯಲ್ಲಿ ನಿಂತಿದ್ದಾಗ ಬಾಯಿಗೆ ತಾನಾಗಿ ಒಂದು ಷಟ್ಪದಿ ಬಂತು. ಕುಮಾರವ್ಯಾಸನ ಉದ್ಯೋಗಪರ್ವದ್ದು. ಸಂಧಾನ ಮುರಿದುಬಿದ್ದಿದೆ. ಕೃಷ್ಣ ಹಸ್ತಿನಾಪುರದಿಂದ ಹೊರಟವನು ಕರ್ಣನನ್ನು ಮೈದುನನ ಸಲಿಗೆಯಿಂದ ರಥದಲ್ಲಿ ಪಕ್ಕಕ್ಕೆ ಎಳೆದು ಕುಳ್ಳಿರಿಸಿಕೊಂಡು ಜನ್ಮರಹಸ್ಯವನ್ನು ಹೇಳುತ್ತಾನೆ: ನೀನು ಸೂತಪುತ್ರನಲ್ಲ, ಕುಂತಿಯ ಹಿರಿಯ ಮಗ, ರಾಜ್ಯ ನಿನ್ನದು. ಆಗ ಕರ್ಣ:

‘ಕೊರಳ ಸೆರೆ ಹಿಗ್ಗಿದವು ದೃಗುಜಲ
ವುರವಣಿಸಿ ಕಡುನೊಂದನಕಟಾ
ಕುರುಪತಿಗೆ ಕೇಡಾದುದೆಂದನು ತನ್ನ ಮನದೊಳಗೆ’

ಈ ಪದ್ಯವನ್ನು ಎಷ್ಟೋ ತಂಡ ವಿದ್ಯಾರ್ಥಿಗಳಿಗೆ ನಾನು ಪಾಠ ಮಾಡಿದ್ದೆ. ಕೊರಳ ನರ ಉಬ್ಬಿದ್ದು, ಕಣ್ಣೀರು ನುಗ್ಗಿದ್ದು, ದುಃಖದಲ್ಲಿಯೂ ಮೊದಲು ಒಡೆಯನ ಕೇಡು ನೆನೆದದ್ದು, ಎಲ್ಲವನ್ನೂ ಬಿಡಿಸಿ ಹೇಳಿ, ‘ತನ್ನ ಮನದೊಳಗೆ’ ಎಂಬಲ್ಲಿ ಛಂದಸ್ಸು ತುಂಬಲು ಬಂದ ಶಬ್ದಗಳೋ ಎಂಬಂತೆ ದಾಟಿಹೋಗುತ್ತಿದ್ದೆ. ಅಡುಗೆಮನೆಯಲ್ಲಿ ಆ ದಿನ ನಾನು ನಿಂತದ್ದು ಅಲ್ಲಿಯೇ. ಪಕ್ಕದಲ್ಲಿ ಸಾಕ್ಷಾತ್ ಕೃಷ್ಣನೇ ಕುಳಿತಿದ್ದಾನೆ. ಮೈಗೆ ಮೈ ತಾಗುವಷ್ಟು ಹತ್ತಿರ. ಆದರೂ ಕರ್ಣ ಈ ಮಾತನ್ನು ಅವನಿಗೆ ಹೇಳಲಾರ. ತನ್ನ ಮನದೊಳಗೇ ಹೇಳಿಕೊಳ್ಳಬೇಕು. ನಮ್ಮ ಮನೆಗೆ ಬಂದು ಹೋಗುತ್ತಿದ್ದವರೆಲ್ಲ ಪ್ರೀತಿಯಿಂದಲೇ ಬರುತ್ತಿದ್ದರು, ಪಕ್ಕದಲ್ಲಿಯೇ ಕುಳಿತುಕೊಳ್ಳುತ್ತಿದ್ದರು, ನನಗೋ ಅವರು ಎದ್ದುಹೋದರೆ ಸಾಕೆನಿಸುತ್ತಿತ್ತು. ಹೀಗನಿಸುವುದು ಕೃತಘ್ನತೆಯೋ ಏನೋ ಎಂದು ಒಳಗೊಳಗೆ ಕೊರಗುತ್ತಿದ್ದವನಿಗೆ ಗದುಗಿನ ಕವಿ ಕರ್ಣನನ್ನು ತೋರಿಸಿದ. ಕೊರಗು ಹೋಯಿತು ಎನ್ನಲಾರೆ. ಅದಕ್ಕೊಂದು ಕುಲಗೋತ್ರ ಸಿಕ್ಕಿತು.

ಇನ್ನೂ ಒಂದು ವಿಷಯ ಆ ಪ್ರಸಂಗದಲ್ಲಿದೆ. ‘ನಾನು ಯಾರು’ ಎಂಬ ಪ್ರಶ್ನೆಗೆ ಕರ್ಣನಷ್ಟು ಖಚಿತವಾದ ಉತ್ತರವನ್ನು, ಅಷ್ಟು ದೊಡ್ಡವರ ಬಾಯಿಯಿಂದ ಪಡೆದವರು ಬೇರೆ ಇಲ್ಲ. ಉತ್ತರ ಸಿಕ್ಕಿದ್ದರಿಂದ ಅವನಿಗೆ ಆದದ್ದೇನು? ಅದೇ ಪದ್ಯದ ಮುಂದಿನ ಅರ್ಧದಲ್ಲಿ ಕರ್ಣ ಅಂದುಕೊಳ್ಳುತ್ತಾನೆ, ‘ತನ್ನ ವಂಶವನರುಹಿ ಕೊಂದನು’ ಎಂದು. ಹುಟ್ಟಿನ ಗುಟ್ಟು ತಿಳಿಸಿಯೇ ಕೃಷ್ಣ ಕೊಂದ. ಹೊರಗಿನಿಂದ ಬಂದ ಅರ್ಥ, ಅದು ಸತ್ಯವೇ ಆಗಿದ್ದರೂ, ಅವನನ್ನು ಮೊದಲಿಗಿಂತ ಒಂಟಿಯಾಗಿಸಿತು. ಆಮೇಲೆ ಅವನು ಬಾಯಿ ತೆರೆದು ಕೃಷ್ಣನಿಗೆ ಕೊಡುವ ಉತ್ತರವಿದೆಯಲ್ಲ, ಕೌರವನ ಋಣಕ್ಕೆ ಈ ಶರೀರವನ್ನು ನೂಕುತ್ತೇನೆ, ನಿನ್ನ ಐವರನ್ನು ನೋಯಿಸುವುದಿಲ್ಲ ಎಂಬುದು, ಅದು ಅವನೇ ಹೇಳಿದ ಅರ್ಥ. ತಾಳಮದ್ದಳೆಯ ‘ಕರ್ಣಭೇದನ’ದಲ್ಲಿ ಒಳ್ಳೆಯ ಅರ್ಥಧಾರಿಗಳು ಈ ಎರಡರ ನಡುವೆ ಕೆಲವು ಕ್ಷಣ ಮೌನವಾಗಿರುವುದನ್ನು ನೀವು ನೋಡಿರಬಹುದು. ಮಾತೇ ಬಂಡವಾಳವಾದ ಕಲೆಯಲ್ಲಿ ಆ ಮೌನಕ್ಕೆ ಸಭೆ ಉಸಿರು ಬಿಗಿಹಿಡಿಯುತ್ತದೆ.

ನಮ್ಮ ಭಾಷೆಯಲ್ಲಿ ಒಂಟಿತನ, ಏಕಾಂತ ಎಂದು ಎರಡು ಶಬ್ದಗಳಿವೆ. ಒಂಟಿತನ ತಾನಾಗಿ ಬಂದು ಕೂರುವಂಥದ್ದು, ಏಕಾಂತ ನಾವು ಏರ್ಪಡಿಸಿಕೊಳ್ಳುವಂಥದ್ದು. ಇಲ್ಲಿಂದ ಕೂಗಳತೆಯಲ್ಲಿರುವ ಕೃಷ್ಣಮಠದಲ್ಲಿ ರಾತ್ರಿ ಕೊನೆಗೆ ನಡೆಯುವ ಪೂಜೆಯ ಹೆಸರೇ ಏಕಾಂತ ಸೇವೆ. ದಿನವಿಡೀ ಜನಕ್ಕೆ ದರ್ಶನ ಕೊಟ್ಟ ದೇವರಿಗೂ ಸಂಜೆಯ ಮೇಲೆ ಏಕಾಂತ ಬೇಕು ಎಂದು ಬಗೆದ ಊರಿದು. ಮನೆಯ ಯಜಮಾನತಿ ಅರ್ಧ ಗಂಟೆ ಬಾಗಿಲು ಹಾಕಿಕೊಂಡರೆ ಮಾತ್ರ ‘ಏನಾಯಿತು’ ಎಂದು ಬಾಗಿಲು ತಟ್ಟುತ್ತೇವೆ.

ಏಕಾಂತದ ಬಗ್ಗೆ ಅಕ್ಕಮಹಾದೇವಿಗಿಂತ ನಿಷ್ಠುರವಾಗಿ ಯೋಚಿಸಿದವರು ನಮ್ಮಲ್ಲಿ ಕಡಿಮೆ. ‘ಹಸಿವಾದಡೆ ಊರೊಳಗೆ ಭಿಕ್ಷಾನ್ನಗಳುಂಟು, ತೃಷೆಯಾದಡೆ ಕೆರೆ ಹಳ್ಳ ಬಾವಿಗಳುಂಟು, ಶಯನಕ್ಕೆ ಹಾಳು ದೇಗುಲಗಳುಂಟು’ ಎಂದು ಆಕೆ ಲೆಕ್ಕ ಕೊಡುತ್ತಾಳೆ. ಮನೆ ತೊರೆದವಳು ಮಾಡಿದ ಈ ಲೆಕ್ಕದಲ್ಲಿ ಮೊದಲು ಬರುವುದು ಊರು. ಅನ್ನ ಬೇಯಿಸಿದ ಯಾರದೋ ಮನೆ, ಬಾವಿ ತೋಡಿದ ಯಾರದೋ ಕೈ, ದೇಗುಲ ಕಟ್ಟಿದ ಯಾವುದೋ ಕಾಲದ ಜನ. ಏಕಾಂತಕ್ಕೂ ಊರು ಬೇಕು ಎಂಬುದನ್ನು ಆಕೆ ಮರೆಮಾಚುವುದಿಲ್ಲ. ಇಷ್ಟೆಲ್ಲ ಹೇಳಿದ ಮೇಲೆ ಚೆನ್ನಮಲ್ಲಿಕಾರ್ಜುನನ ಕಡೆ ತಿರುಗಿ ‘ಆತ್ಮಸಂಗಾತಕ್ಕೆ ನೀನೆನಗುಂಟು’ ಎನ್ನುತ್ತಾಳೆ. ಆತ್ಮಸಂಗಾತ ಎಂಬ ಈ ಶಬ್ದವನ್ನು ನಿಘಂಟಿನಲ್ಲಿ ನೋಡಿ ತಿಳಿಯುವಂತಿಲ್ಲ. ಒಬ್ಬಳೇ ಇರುವಾಗಲೂ ಎದುರಿಗೆ ಒಬ್ಬನಿರುತ್ತಾನೆ, ಅವನ ಜೊತೆ ಜಗಳಕ್ಕೂ ಅವಕಾಶವಿರುತ್ತದೆ. ಆಕೆ ಅವನೊಡನೆ ಬೇಕಾದಷ್ಟು ಜಗಳ ಆಡಿದ್ದಾಳೆ. ಭಕ್ತಿಯಿಲ್ಲದ ಓದುಗರು ಇಲ್ಲಿ ಏನು ಮಾಡಬೇಕು ಎಂದು ಒಬ್ಬ ವಿದ್ಯಾರ್ಥಿ ನನ್ನನ್ನು ಕೇಳಿದ್ದ. ಎದುರು ಕುರ್ಚಿಯನ್ನಾದರೂ ಖಾಲಿ ಇಟ್ಟುಕೊಳ್ಳಿ ಎಂದಿದ್ದೆ. ಆಗ ಚಮತ್ಕಾರಕ್ಕೆ ಹೇಳಿದ ಮಾತು ಅದು, ಈಗ ನಿಜವೆಂದು ನಂಬಿದ್ದೇನೆ.

ಖಾಲಿ ಕುರ್ಚಿಯನ್ನು ತುಂಬಲು ಕನ್ನಡದಲ್ಲಿ ನಡೆದ ಅತಿ ಸೊಗಸಾದ ಪ್ರಯತ್ನ ಇದೇ ಉಡುಪಿಯಲ್ಲಿ ನಡೆದದ್ದು. ಮುದ್ದಣ ಎಂದು ಹೆಸರಾದ ಕವಿ, ನಂದಳಿಕೆಯ ಲಕ್ಷ್ಮೀನಾರಣಪ್ಪ ಇಲ್ಲಿ ಶಾಲೆಯೊಂದರಲ್ಲಿ ಡ್ರಿಲ್ ಮಾಷ್ಟ್ರಾಗಿದ್ದರು. ಹಗಲಲ್ಲಿ ಮಕ್ಕಳಿಗೆ ಕವಾಯತು, ಉಳಿದ ಹೊತ್ತಿನಲ್ಲಿ ಹಳಗನ್ನಡ. ಬರೆದದ್ದನ್ನು ತನ್ನದೆಂದು ಹೇಳಿಕೊಳ್ಳುವ ಧೈರ್ಯವಿರಲಿಲ್ಲವೋ, ಹೇಳಿದರೆ ಯಾರು ಕೇಳುತ್ತಾರೆ ಎಂಬ ಅನುಮಾನವೋ, ಹಳೆಯ ಕವಿಯ ಕೃತಿ ಸಿಕ್ಕಿತೆಂದು ತೋರಿಸಿ ಅವುಗಳನ್ನು ಪ್ರಕಟಣೆಗೆ ಕಳಿಸಿದರು. 1870ರಲ್ಲಿ ಹುಟ್ಟಿದ ಅವರು ಕ್ಷಯರೋಗದಿಂದ 1901ರಲ್ಲಿ ತೀರಿಕೊಂಡಾಗ ವಯಸ್ಸು ಮೂವತ್ತೊಂದು. ‘ಶ್ರೀರಾಮಾಶ್ವಮೇಧ’ದಲ್ಲಿ ಅವರು ಮಾಡಿದ ಕೆಲಸ ನೋಡಿ. ಮಳೆಗಾಲ ಬಂದಿದೆ, ಮುದ್ದಣ ಕಥೆ ಹೇಳಬೇಕು, ಮನೋರಮೆ ಕೇಳಬೇಕು. ಹಾಗೆಂದು ಆಕೆ ಸುಮ್ಮನೆ ಹೂಂಗುಟ್ಟುವವಳಲ್ಲ. ಯಾವ ರಾಮಾಯಣ ಬೇಕು ಎಂಬಲ್ಲಿಂದ ತಗಾದೆ ತೆಗೆಯುತ್ತಾಳೆ, ‘ಪದ್ಯಂ ವಧ್ಯಂ, ಗದ್ಯಂ ಹೃದ್ಯಂ’ ಎಂದು ತೀರ್ಪು ಕೊಡುತ್ತಾಳೆ, ಸಂಸ್ಕೃತ ಹೆಚ್ಚಾದರೆ ತಡೆಯುತ್ತಾಳೆ, ಹಾಸ್ಯ ಮಾಡುತ್ತಾಳೆ. ಯಕ್ಷಗಾನ ಪ್ರಸಂಗಗಳನ್ನೂ ಬರೆದಿದ್ದ ಆ ಡ್ರಿಲ್ ಮಾಷ್ಟ್ರಿಗೆ ಎದುರು ಅರ್ಥಧಾರಿ ಇಲ್ಲದೆ ಅರ್ಥ ಏಳುವುದಿಲ್ಲ ಎಂದು ಗೊತ್ತಿತ್ತು. ಹೊರಗೆ ಸಿಗದ ಎದುರಾಳಿಯನ್ನು ಅವರು ಒಳಗೆ ಕಟ್ಟಿಕೊಂಡರು.

ಫ್ರಾನ್ಸಿನ ಪ್ರಬಂಧಕಾರ ಮಾಂತೇನ್ ಕೂಡ ಹೀಗೆಯೇ. ಆಪ್ತ ಗೆಳೆಯ 1563ರಲ್ಲಿ ತೀರಿಕೊಂಡ. 1571ರಲ್ಲಿ, ಮೂವತ್ತೆಂಟನೆಯ ವಯಸ್ಸಿಗೆ, ಮಾಂತೇನ್ ಉದ್ಯೋಗ ಬಿಟ್ಟು ತನ್ನ ಮನೆಯ ಗೋಪುರದಲ್ಲಿದ್ದ ಪುಸ್ತಕದ ಕೋಣೆ ಸೇರಿ ಪ್ರಬಂಧ ಬರೆಯತೊಡಗಿದ. ಮಾತಾಡಲು ತಕ್ಕ ವ್ಯಕ್ತಿ ಇದ್ದಿದ್ದರೆ ಇವನ್ನೆಲ್ಲ ಕಾಗದಗಳಾಗಿ ಬರೆಯುತ್ತಿದ್ದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಏಕಾಂತದ ಬಗ್ಗೆ ಬರೆಯುತ್ತ ಅವನು ಕೊಡುವ ಹೋಲಿಕೆ ಮಂಗಳೂರಿನವರಿಗೆ ಸಲೀಸಾಗಿ ಅರ್ಥವಾಗುವಂಥದ್ದು: ಹೆಂಡತಿ ಮಕ್ಕಳು ಆಸ್ತಿ ಎಲ್ಲ ಇರಲಿ, ಆದರೆ ಅಂಗಡಿಯ ಹಿಂದೆ ಪೂರ್ತಿ ನಮ್ಮದೇ ಆದ ಒಂದು ಕೋಣೆ ಇರಬೇಕು ಎಂದು. ಬಂದರಿನ ಹಳೆಯ ಸಗಟು ಅಂಗಡಿಗಳನ್ನು ನೆನೆಸಿಕೊಳ್ಳಿ. ಮುಂದೆ ತಕ್ಕಡಿ, ಗಿರಾಕಿ, ಗದ್ದಲ; ಒಳಗೊಳಗೆ ಹೋದರೆ ಅಡಕೆಯ ಚೀಲಗಳ ಹಿಂದೆ ಅರೆಗತ್ತಲಿನಲ್ಲಿ ಒಂದು ಮೇಜು. ಸಾಹುಕಾರರು ನಿಜವಾದ ಲೆಕ್ಕ ನೋಡುವುದು ಅಲ್ಲಿ. ಮಾಂತೇನ್ ಹಿಂದಿನ ಕೋಣೆಗೆ ಹೋದನೇ ಹೊರತು ಅಂಗಡಿ ಮುಚ್ಚಲಿಲ್ಲ; ಹತ್ತು ವರ್ಷಗಳ ನಂತರ ಬೋರ್ಡೋ ನಗರದ ಮೇಯರನಾಗಿ ಊರಿನ ಕೆಲಸವನ್ನೂ ಮಾಡಿದ.

ಜರ್ಮನ್ ಭಾಷೆಯ ಕವಿ ರಿಲ್ಕೆಯ ಹೆಸರು ಹೇಳದೆ ಈ ವಿಷಯ ಮುಗಿಸುವಂತಿಲ್ಲ, ಏಕೆಂದರೆ ಏಕಾಂತ ಎಂದ ಕೂಡಲೇ ಯುವಕವಿಗೆ ಅವನು ಬರೆದ ಹತ್ತು ಪತ್ರಗಳನ್ನು ಎಲ್ಲರೂ ಕೈಗೆ ಕೊಡುತ್ತಾರೆ. 1903ರಲ್ಲಿ ಆ ಪತ್ರಗಳು ಆರಂಭವಾದಾಗ ಕೇಳಿದ ಕಪ್ಪುಸ್ ಎಂಬ ಸೈನಿಕ ಶಾಲೆಯ ಹುಡುಗನಿಗೆ ಹತ್ತೊಂಬತ್ತು, ಉತ್ತರಿಸಿದ ರಿಲ್ಕೆಗೆ ಇಪ್ಪತ್ತೇಳು ವರ್ಷ. ಋಷಿವಾಕ್ಯದಂತೆ ನಾವು ಉದ್ಧರಿಸುವ ಸಾಲುಗಳು ಇಪ್ಪತ್ತೇಳರ ಯುವಕನವು ಎಂಬುದು ನೆನಪಿರಲಿ. ಉತ್ತರಗಳಿಗೆ ಅವಸರಪಡಬೇಡ, ಪ್ರಶ್ನೆಗಳನ್ನೇ ಬೀಗ ಹಾಕಿದ ಕೋಣೆಗಳಂತೆ, ತಿಳಿಯದ ಭಾಷೆಯ ಪುಸ್ತಕಗಳಂತೆ ಪ್ರೀತಿಸು ಎಂಬ ಮಾತು ಪ್ರಸಿದ್ಧ. ನನಗೆ ಹೆಚ್ಚು ಬೇಕಾದದ್ದು ಮುಂದಿನ ವರ್ಷದ ಒಂದು ಪತ್ರದಲ್ಲಿದೆ: ನಿನ್ನನ್ನು ಸಂತೈಸುತ್ತಿರುವ ಇವನು ತನ್ನ ಸರಳ ಮಾತುಗಳ ನಡುವೆ ನೆಮ್ಮದಿಯಿಂದಿದ್ದಾನೆ ಎಂದು ತಿಳಿಯಬೇಡ, ಹಾಗಿದ್ದಿದ್ದರೆ ಅವನಿಗೆ ಆ ಮಾತುಗಳೇ ಸಿಗುತ್ತಿರಲಿಲ್ಲ ಎಂದು ಬರೆಯುತ್ತಾನೆ. ಬೀಗದ ಕೋಣೆಗಳ ಮಾತನ್ನು ದುಬೈಯ ಮಗನ ತಾಯಿಗೆ ನಾನು ಹೇಳಲಿಲ್ಲ. ಅವರ ಮನೆಯಲ್ಲಿ ನಿಜವಾಗಿಯೂ ಕೋಣೆಗಳಿಗೆ ಬೀಗ ಹಾಕಿತ್ತು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಊಟ ಸೇರದೆ, ನಿದ್ದೆ ಬಾರದೆ, ಬೆಳಗಾದರೆ ಏಳುವುದೇ ಬೇಡವೆನಿಸಿದವರಿಗೆ ಷಟ್ಪದಿ ಹೇಳಿಕೊಡಲು ಹೋಗಬೇಡಿ. ಅವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ, ಹಿಂದಿರುಗಿ ಬರುವಾಗ ಜೊತೆಗೆ ಬನ್ನಿ. ಸಾಹಿತ್ಯದಿಂದ ಆಗುವ ಕೆಲಸ ಅದರ ಆಚೆಗಿನದು.

ಹೇಗೆ ಓದಬೇಕು ಎಂದು ಕೇಳುವವರಿಗೆ ನಾನು ಮಾಡುತ್ತಿರುವುದನ್ನು ಮಾತ್ರ ಹೇಳಬಲ್ಲೆ. ದಿನಕ್ಕೆ ಒಂದೋ ಎರಡೋ ಪುಟ, ಗಟ್ಟಿಯಾಗಿ. ಕುಮಾರವ್ಯಾಸನನ್ನು ಕಣ್ಣಲ್ಲಿ ಓದುವುದೆಂದರೆ ಉಪ್ಪಿನಕಾಯಿಯನ್ನು ನೋಡಿ ಊಟ ಮಾಡಿದಂತೆ. ಖಾಲಿ ಮನೆಯಲ್ಲಿ ತನ್ನದೇ ಸ್ವರ ಕೇಳಿದಾಗ ಮೊದಲ ವಾರ ಭಯವಾಗುತ್ತದೆ, ಆಮೇಲೆ ಅದು ಇನ್ನೊಬ್ಬರ ಸ್ವರದಂತೆ ಕೇಳಿಸತೊಡಗುತ್ತದೆ. ಒಪ್ಪಿಗೆಯಾಗದ ಸಾಲಿನ ಪಕ್ಕ ಪೆನ್ಸಿಲಿನಿಂದ ನನ್ನ ತಕರಾರು ಬರೆಯುತ್ತೇನೆ. ಗ್ರಂಥಾಲಯದ ಪುಸ್ತಕವಾದರೆ ಬೇರೆ ಚೀಟಿಯಲ್ಲಿ. ಒಪ್ಪಿಗೆಯಾದ ಸಾಲಿಗೆ ಗೆರೆ ಹಾಕುವುದನ್ನು ಬಿಟ್ಟಿದ್ದೇನೆ. ಗೆರೆ ಹಾಕಿದ ಸಾಲುಗಳು ನಾಳೆ ವಾಟ್ಸ್‌ಆ್ಯಪ್‌ಗೆ ಹೋಗುತ್ತವೆ.

ಆ ಮಹಿಳೆ ಮತ್ತೆ ಸಿಕ್ಕಿದ್ದು ಕಳೆದ ಆಟಿ ತಿಂಗಳಲ್ಲಿ, ಅವರ ಮನೆಯಲ್ಲಿಯೇ. ಹೊರಗೆ ಜಡಿಮಳೆ. ದಾರಿ ತಪ್ಪದೆ, ವಿಳಾಸ ಕೇಳಿಕೊಂಡು ಹೋಗಿದ್ದೆ, ಅದಕ್ಕೆ ಅವರು ನಕ್ಕರು. ಮುಂದೆ ಯಾವ ಪುಸ್ತಕ ಓದಲಿ ಎಂದು ಕೇಳಿದರು. ಈ ಸಲ ನಾನು ಹೆಸರು ಹೇಳಲಿಲ್ಲ. ಶಂಕರಮ್ಮ ಈಗ ನಿಮ್ಮ ಎದುರಿಗೆ ಕುಳಿತು ಮಗ ಬರಲಿಲ್ಲವಲ್ಲ ಎಂದರೆ ನೀವೇನು ಹೇಳುತ್ತೀರಿ ಎಂದು ಕೇಳಿದೆ. ಚಹಾದ ಲೋಟ ಕೈಯಲ್ಲಿಟ್ಟುಕೊಂಡು ಅವರು ತುಂಬ ಹೊತ್ತು ಅಂಗಳದ ಮಳೆ ನೋಡಿದರು.

‘ನಮ್ಮವನು ಬರುತ್ತಾನೆ ಮಾಷ್ಟ್ರೇ, ವರ್ಷಕ್ಕೊಮ್ಮೆ ಬರುತ್ತಾನೆ. ಬಂದರೆ ಎರಡನೇ ದಿನಕ್ಕೆ ಏನು ಮಾತಾಡುವುದೆಂದು ನನಗೂ ಗೊತ್ತಾಗುವುದಿಲ್ಲ, ಅವನಿಗೂ ಗೊತ್ತಾಗುವುದಿಲ್ಲ. ಅದನ್ನು ಶಂಕರಮ್ಮನಿಗೆ ಹೇಳುತ್ತಿದ್ದೆ.’

ಇಷ್ಟು ಹೇಳಿ ಅವರು ಒಳಗೆ ಹೋಗಿ, ನಾನು ಅವರಿಗೆ ಓದಲು ಕೊಟ್ಟು ಎರಡು ವರ್ಷ ಮೇಲ್ಪಟ್ಟು ಮರೆತಿದ್ದ ನನ್ನ ‘ಬೆಟ್ಟದ ಜೀವ’ದ ಪ್ರತಿಯನ್ನು ತಂದು ಮೇಜಿನ ಮೇಲಿಟ್ಟರು; ಅಂಚುಗಳಲ್ಲಿ ಪೆನ್ಸಿಲಿನ ಬರಹ ತುಂಬಿತ್ತು. ತೆಗೆದುಕೊಳ್ಳಲು ಕೈ ಚಾಚಿದೆ. ‘ಇರಲಿ, ಅವನು ಡಿಸೆಂಬರಿನಲ್ಲಿ ಬರುತ್ತಾನೆ, ಓದಲಿ’ ಎಂದು ಮತ್ತೆ ಒಳಗಿಟ್ಟರು.